ಸಭೆಯಲ್ಲಿ ಹೇಳಲಾಗದ ಸಾಕ್ಷಿ

2025ರ ಮೇ 19ರ ಸೋಮವಾರ ಸ್ತನ ಕ್ಯಾನ್ಸರಿಗೆ ನನ್ನ ಹದಿನೈದನೇ, ಕೊನೆಯ ರೇಡಿಯೇಷನ್ ಮುಗಿಯಿತು. ಅದಾದ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಸಿ ಹೊರಗೆ ಬರುತ್ತಿದ್ದಾಗ ನಮ್ಮ ಪಾಸ್ಟರ್ ಅಯ್ಯನವರು ಹತ್ತಿರ ಬಂದು, "ಬರೋ ವಾರ ಒಂದೈದು ನಿಮಿಷ ಸಾಕ್ಷಿ ಹೇಳ್ತೀರೇನಮ್ಮಾ?" ಅಂದರು. ನಮ್ಮ ಸಭೆಗಳಲ್ಲಿ ಇದು ವಾಡಿಕೆ. ಕಾಯಿಲೆ ಬಿದ್ದು ಎದ್ದವರು ಮುಂದೆ ನಿಂತು, ಕರ್ತನು ತಮಗೆ ಏನು ಮಾಡಿದ ಅಂತ ಹೇಳುತ್ತಾರೆ. ಎಲ್ಲರೂ ಆಮೆನ್ ಅನ್ನುತ್ತಾರೆ. ನಾನೂ ಹೂಂ ಅಂದೆ. ಮನೆಗೆ ಬಂದು ಮಗಳ ನೋಟ್‌ಬುಕ್ಕಿನಲ್ಲಿ ಬರೆಯಲು ಕೂತೆ. ಎರಡು ಸಲ ಬರೆದು ಹರಿದೆ. ಐದು ನಿಮಿಷಕ್ಕೆ ಹಿಡಿಸುವ ಹಾಗೆ ಬರೆದರೆ ಅದು ನಡೆದದ್ದಾಗಿ ಇರುತ್ತಿರಲಿಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಈಗ ತಾನೇ ಕಾಲಿಟ್ಟವರಿಗೆ ಕಾಗದಪತ್ರದ ವಿಷಯದಲ್ಲೂ ಉಪಯೋಗ ಆಗಬಹುದು, ಮನಸ್ಸಿನ ವಿಷಯದಲ್ಲೂ.

ನನಗೆ 46 ವರ್ಷ. ಬೆಂಗಳೂರಿನ ಬಾಣಸವಾಡಿ ಹತ್ತಿರ ಮನೆ. ಒಂದು ಶಾಲೆಯಲ್ಲಿ ಲೆಕ್ಕ ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಯಜಮಾನರು, ಅತ್ತೆ, ಪಿಯುಸಿ ಓದುವ ಮಗಳು.

2024ರ ಜೂನ್ ಕೊನೆಯಲ್ಲಿ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲವಲ್ಲ ಅಂತ ಎರಡು ತಿಂಗಳು ಸುಮ್ಮನಿದ್ದೆ. ಶಾಲೆಯ ಲೆಕ್ಕ ತಪಾಸಣೆ, ಮಗಳ ಕಾಲೇಜು, ಅತ್ತೆಯ ಕಣ್ಣಿನ ಆಪರೇಷನ್, ಎಲ್ಲಾ ಮುಗಿಯಲಿ ಅಂದುಕೊಂಡೆ. ಓದುವ ಹೆಣ್ಣುಮಕ್ಕಳಿಗೆ ಮೊದಲು ಇದನ್ನೇ ಹೇಳುತ್ತೇನೆ. ಇಂಥ ಗಂಟು ಬಹಳ ಸಲ ನೋಯುವುದೇ ಇಲ್ಲ. ನೋವಿಲ್ಲ ಅನ್ನೋದು ಕಾಯೋದಕ್ಕೆ ಕಾರಣ ಅಲ್ಲ.

ಆಗಸ್ಟ್ ಕೊನೆಯಲ್ಲಿ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ), ಸ್ಕ್ಯಾನ್, ಆಮೇಲೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ತುಣುಕು ತೆಗೆಯುವುದು. ಬಯಾಪ್ಸಿ ಸೂಜಿ ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅನ್ನುತ್ತದೆ. ಆ ಶಬ್ದಕ್ಕೆ ನಾನು ಹೆದರಿದಷ್ಟು ನೋವಿಗೆ ಹೆದರಲಿಲ್ಲ. ರಿಪೋರ್ಟಿಗೆ ಐದು ದಿನ. ಅದರಲ್ಲಿ ಕ್ಯಾನ್ಸರ್ ಅಂತ ಬಂದ ಮೇಲೆ, ಯಾವ ಬಗೆಯದು ಅಂತ ತಿಳಿಯೋಕೆ ಅದೇ ತುಣುಕಿನ ಮೇಲೆ ಮತ್ತೊಂದು ಪರೀಕ್ಷೆ, ಅದಕ್ಕೆ ಇನ್ನೊಂದು ವಾರ. ಇಡೀ ಒಂಬತ್ತು ತಿಂಗಳಲ್ಲಿ ನನಗೆ ಜಾಸ್ತಿ ಕಷ್ಟವಾದದ್ದು ಆ ಹನ್ನೆರಡು ದಿನ. ಚಿಕಿತ್ಸೆ ಶುರುವಾದ ಮೇಲೆ ಏನಾದರೂ ಮಾಡುತ್ತಿದ್ದೇವೆ ಅನ್ನುವ ಸಮಾಧಾನ ಇರುತ್ತದೆ. ಕಾಯುವಾಗ ಅದೂ ಇರುವುದಿಲ್ಲ.

ಒಂದು ಮಾತು ನೆನಪಿಡಿ. ಬಯಾಪ್ಸಿ ಒಂದು ಕಡೆ ಮಾಡಿಸಿ ಚಿಕಿತ್ಸೆ ಇನ್ನೊಂದು ಕಡೆ ಆದರೆ ರಿಪೋರ್ಟಿನ ಕಾಗದ ಮಾತ್ರ ಸಾಲದು. ಬಯಾಪ್ಸಿಯ ತುಣುಕು ಇಟ್ಟಿರುವ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ತೆಗೆದುಕೊಳ್ಳಿ. ನಮಗೆ ಇದು ಗೊತ್ತಿರಲಿಲ್ಲ. ಯಜಮಾನರು ಅದಕ್ಕೋಸ್ಕರ ಅರ್ಧ ದಿನ ರಜೆ ಹಾಕಿ ಮತ್ತೆ ಹೋಗಬೇಕಾಯಿತು.

ನನ್ನದು ಹಾರ್ಮೋನಿಗೆ ಸ್ಪಂದಿಸುವ ಬಗೆ, ಎರಡನೇ ಹಂತ. ಮೊದಲು ಕೀಮೋ, ಆಮೇಲೆ ಆಪರೇಷನ್, ಕೊನೆಗೆ ರೇಡಿಯೇಷನ್ ಅಂದರು. ಮೂರು ವಾರಕ್ಕೊಂದರಂತೆ ನಾಲ್ಕು ದೊಡ್ಡ ಕೀಮೋ, ವಾರಕ್ಕೊಂದರಂತೆ ಹನ್ನೆರಡು ಸಣ್ಣವು. ಎಲ್ಲಾ ಗುರುವಾರ.

ಮೊದಲ ಕೀಮೋಗೆ ಮುಂಚೆ ಎದುರಾದ ಅಡ್ಡಿ ಕಾಯಿಲೆಯದಲ್ಲ, ಒಂದು ಪದದ್ದು. ಓಪಿಡಿ (ಹೊರರೋಗಿ) ಚೀಟಿಯಲ್ಲಿ ಗಂಟು ಎಷ್ಟು ದಿನದಿಂದ ಅಂತ ಬರೆಯುವ ಕಡೆ "ಎರಡು ತಿಂಗಳು" ಅನ್ನುವ ಬದಲು ಯಾರೋ "ಎರಡು ವರ್ಷ" ಅಂತ ಬರೆದಿದ್ದರು. ನಾವು ಗಮನಿಸಿರಲಿಲ್ಲ. ಯಜಮಾನರ ಕಂಪನಿಯ ವಿಮೆ ಇತ್ತು, 5 ಲಕ್ಷದ್ದು. ಆಸ್ಪತ್ರೆಯಲ್ಲಿ ವಿಮೆಯ ಕೆಲಸ ನೋಡುವ ಟಿಪಿಎ ಡೆಸ್ಕಿನಿಂದ ಅರ್ಜಿ ಹೋಯಿತು. ಸಂಜೆ ಪ್ರಶ್ನೆ ಬಂತು: ಎರಡು ವರ್ಷದಿಂದ ಗಂಟಿದ್ದರೆ ಹಳೆಯ ದಾಖಲೆ ಎಲ್ಲಿ? ಹಳೆಯ ದಾಖಲೆ ಇದ್ದರೆ ತಾನೇ ಕೊಡೋದು! ತಿದ್ದಿದ ಪತ್ರ ಬೇಕು, ಡಾಕ್ಟರ ಸಹಿ ಬೇಕು, ಸೀಲು ಬೇಕು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ. ಯಜಮಾನರು ಆ ಬಾಗಿಲ ಹೊರಗೆ ಫೈಲು ಹಿಡಿದು ಮೂರೂವರೆ ಗಂಟೆ ನಿಂತರು. ಪತ್ರ ಸಿಕ್ಕಿತು, ಆದರೆ ಅಷ್ಟರಲ್ಲಿ ಹೊತ್ತಾಗಿತ್ತು. ಮೊದಲ ಕೀಮೋಗೆ 32,000 ರೂಪಾಯಿ ಕೈಯಿಂದ ಕಟ್ಟಿ, ಆಮೇಲೆ ವಾಪಸ್ ಪಡೆದೆವು. ಅದಕ್ಕೆ ಏಳು ವಾರ ಹಿಡಿಯಿತು.

ಹಾಗಾಗಿ ಡಾಕ್ಟರ ಕೋಣೆಯಿಂದ ಹೊರಗೆ ಬರುವ ಮುಂಚೆ ಚೀಟಿಯ ಒಂದೊಂದು ಸಾಲನ್ನೂ ಓದಿ. ದಿನಾಂಕ, ವಯಸ್ಸು, ಎಡ ಬಲ, ಎಷ್ಟು ದಿನದಿಂದ, ಎಲ್ಲಾ. ಪ್ರತಿ ಕಾಗದಕ್ಕೂ ಮೂರು ಜೆರಾಕ್ಸ್ ಇಡಿ. ವಿಮೆ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ದುಡ್ಡನ್ನು ವಿಮೆ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆಯೊಳಗೆ ಆಗಬೇಕು. ಇದು ಗೊತ್ತಿದ್ದರೆ ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಬಹುದು. ವಿಮೆ ಇಲ್ಲದವರು ರೇಷನ್ ಕಾರ್ಡು, ಆಧಾರ್ ಹಿಡಿದು ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲೇ ಇರುವ ಸಹಾಯಕರು) ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ಮೊತ್ತದ ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಮನೆಗೆ ಬಂದವರ ವಿಷಯ.

ಸುದ್ದಿ ಹಬ್ಬಿದ ವಾರದಲ್ಲೇ ಜನ ಬರತೊಡಗಿದರು. ಎಲ್ಲರೂ ಪ್ರೀತಿಯಿಂದಲೇ ಬಂದರು, ಅದರಲ್ಲಿ ಸಂಶಯ ಇಲ್ಲ. ಹಣ್ಣು ತಂದರು, ಪ್ರಾರ್ಥನೆ ಮಾಡಿದರು. ಆದರೆ ಬಹಳ ಜನ ಕೈಯಲ್ಲಿ ಒಂದು ಕಾರಣವನ್ನೂ ಹಿಡಿದು ಬಂದಿದ್ದರು. ದೇವರು ನಿನ್ನ ಪರೀಕ್ಷೆ ಮಾಡ್ತಿದ್ದಾನೆ. ಇದರಲ್ಲಿ ಏನೋ ಒಳ್ಳೇದು ಇಟ್ಟಿದ್ದಾನೆ. ದೂರದ ಸಂಬಂಧಿ ಒಬ್ಬರು ಬಾಗಿಲು ಹಾಕಿಕೊಂಡು ಕೇಳಿದರು, "ಯಾವ್ದಾದ್ರೂ ಪಾಪ ಅರಿಕೆ ಮಾಡ್ದೆ ಹಾಗೇ ಇಟ್ಕೊಂಡಿದ್ದೀಯಾ? ಯೋಚ್ನೆ ಮಾಡು." ಇನ್ನೊಬ್ಬರು ನಂಬಿಕೆ ಇದ್ದರೆ ಕೀಮೋ ಯಾಕೆ ಅಂದರು.

ಆ ರಾತ್ರಿ ನಾನು ನಿಜವಾಗಿ ಪಟ್ಟಿ ಮಾಡಿದೆ. ಮದುವೆಗೆ ಮುಂಚೆ ಅಮ್ಮನಿಗೆ ಹೇಳಿದ ಸುಳ್ಳು. ತಂಗಿಯ ಜೊತೆ ಆಸ್ತಿ ವಿಷಯಕ್ಕೆ ಮಾತು ಬಿಟ್ಟ ಎರಡು ವರ್ಷ. ಅತ್ತೆಯ ಮೇಲೆ ರೇಗಿದ್ದು. ಬೆಳಗಿನ ಜಾವ ಮೂರರವರೆಗೆ ಕೂತಿದ್ದೆ. ಕಾಯಿಲೆಗಿಂತ ಆ ರಾತ್ರಿ ನನ್ನನ್ನು ಜಾಸ್ತಿ ಕುಗ್ಗಿಸಿತು.

ಯಾರಿಗಾದರೂ ಇಂಥ ಮಾತು ಹೇಳಬೇಕು ಅನಿಸಿದರೆ ದಯವಿಟ್ಟು ಮೊದಲು ಬೈಬಲ್ಲಿನ ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ ಓದಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುವುದೂ ಇದನ್ನೇ: ಯಾರು ಮಾಡಿದ ಪಾಪ, ಇವನದೋ, ಇವನ ಅಪ್ಪ ಅಮ್ಮನದೋ? ಇವನದೂ ಅಲ್ಲ, ಅವರದೂ ಅಲ್ಲ ಅನ್ನುತ್ತಾನೆ ಯೇಸು. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಕೇಳಿದ ಕಥೆ. ನನ್ನ ಮೈಗೆ ಬಂದಾಗ ಮರೆತೇ ಹೋಗಿತ್ತು. ಕೀಮೋ ಬೇಡ ಅನ್ನುವವರ ಮಾತನ್ನಂತೂ ಯಾರೂ ಕೇಳಬೇಡಿ. ಸುವಾರ್ತೆ ಬರೆದ ಲೂಕನನ್ನು, ಯೇಸುವಿನ ಮಾತು ಸಾರುತ್ತಾ ತಿರುಗಿದ ಪೌಲನು ಪ್ರಿಯ ವೈದ್ಯ ಅಂತಲೇ ಕರೆಯುತ್ತಾನೆ. ಪ್ರಾರ್ಥನೆ ಮಾಡಿ, ಔಷಧಿಯನ್ನೂ ತಗೊಳ್ಳಿ.

ಕೀಮೋ ಸೆಪ್ಟೆಂಬರ್ 12ಕ್ಕೆ ಶುರುವಾಯಿತು. ಮೊದಲ ನಾಲ್ಕರಲ್ಲಿ ಕೆಂಪು ಬಣ್ಣದ ಔಷಧಿ. ಅದು ಹೋದ ಮೇಲೆ ಮೂತ್ರವೂ ಕೆಂಪಾಗುತ್ತದೆ, ಗಾಬರಿ ಬೇಡ. ಹದಿನೇಳನೇ ದಿನ ದಿಂಬಿನ ಮೇಲೆ ಕೂದಲು. ಮಗಳು ಏನೂ ಮಾತಾಡದೆ ಅಪ್ಪನ ಟ್ರಿಮ್ಮರ್ ತಂದು ತಲೆ ಬೋಳಿಸಿದಳು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದಳು. ಬಾಯಿ ಹುಣ್ಣಿಗೆ ಉಪ್ಪು, ಸೋಡಾ ಹಾಕಿದ ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಐದಾರು ಸಲ ಮುಕ್ಕಳಿಸುತ್ತಿದ್ದೆ. ರಾಗಿ ಗಂಜಿ, ತಿಳಿಸಾರು ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಅತ್ತೆ ಎರಡು ತಿಂಗಳು ಮನೆಯಲ್ಲಿ ಒಗ್ಗರಣೆಯನ್ನೇ ಹಾಕಲಿಲ್ಲ.

ಎರಡನೇ ಕೀಮೋ ಆಗಿ ಎಂಟನೇ ದಿನ ಆಯುಧಪೂಜೆ. ರಾತ್ರಿ ಹತ್ತೂವರೆಗೆ ಚಳಿ ಬಂತು. ಥರ್ಮಾಮೀಟರಿನಲ್ಲಿ 101. ಕೀಮೋ ಸಮಯದಲ್ಲಿ ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬಾರದು, ನೇರ ಎಮರ್ಜೆನ್ಸಿಗೆ ಹೋಗಬೇಕು. ಬಿಳಿ ರಕ್ತಕಣ ಇಳಿದಿರುತ್ತದೆ, ಸೋಂಕು ಗಂಟೆಗಳಲ್ಲಿ ಏರಬಹುದು. ಇದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿರಿ. ಎರಡು ಕಡೆ ಬಾಳೆಕಂದು ಕಟ್ಟಿದ ಆಟೋ ಸಿಕ್ಕಿತು. ರಸ್ತೆ ತುಂಬಾ ಒಡೆದ ಬೂದುಗುಂಬಳ, ಕುಂಕುಮ. ಡ್ರೈವರ್ ಪ್ರತಿ ಹಂಪಿನ ಹತ್ತಿರವೂ ನಿಧಾನ ಮಾಡಿದರು. ಇಳಿಯುವಾಗ, "ಹಬ್ಬದ ದಿನ ಅಕ್ಕ, ಮೀಟರ್ ದುಡ್ಡೂ ಬೇಡ, ಹುಷಾರಾಗಿ ಬನ್ನಿ" ಅಂದರು. ಮೂರು ರಾತ್ರಿ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ನನ್ನಿಂದ ಪ್ರಾರ್ಥನೆ ಮಾಡಲಾಗಲಿಲ್ಲ. ಮಾತೇ ಹೊರಡಲಿಲ್ಲ. ಸುಮ್ನೆ ನರಳುತ್ತಿದ್ದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ, ಏನು ಬೇಡಿಕೊಳ್ಳಬೇಕೋ ನಮಗೆ ಗೊತ್ತಾಗದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅನ್ನುತ್ತಾನೆ. ಅದನ್ನು ಓದಿದ್ದು ಆಮೇಲೆ. ಆ ಮೂರು ರಾತ್ರಿ ನಾನು ಪ್ರಾರ್ಥನೆ ಬಿಟ್ಟಿರಲಿಲ್ಲ ಅಂತ ತಿಳಿದು ಎಷ್ಟು ಅತ್ತೆನೋ.

ಡಿಸೆಂಬರಿನಲ್ಲಿ ವಾರದ ಕೀಮೋ ಶುರುವಾಯಿತು. ಆಗ ಅಯ್ಯನವರ ಪತ್ನಿ ಪ್ರತಿ ಶುಕ್ರವಾರ ಮಧ್ಯಾಹ್ನ ಬರತೊಡಗಿದರು. ಅವರೆಕಾಯಿ ಕಾಲ. ನೆನೆಸಿದ ಅವರೆಕಾಳನ್ನು ಒಂದು ಬೇಸಿನ್ನಿನಲ್ಲಿ ತಂದು, ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತು ಹಿಸುಕುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಚಟ್ಟನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎರಡು ಗಂಟೆ ಆ ಶಬ್ದ ಬಿಟ್ಟರೆ ಬೇರೆ ಮಾತಿಲ್ಲ. ನಾನು ಮಲಗಿದ್ದರೆ ಮಲಗಿರಲಿ, ಅತ್ತರೆ ಅಳಲಿ. ಹೊರಡುವಾಗ ಹಿಸುಕಿದ ಬೇಳೆಯಲ್ಲಿ ಅರ್ಧ ನಮ್ಮ ಅಡುಗೆಮನೆಯಲ್ಲಿ ಇಟ್ಟು, ತಲೆ ಮೇಲೆ ಕೈ ಇಟ್ಟು ಹೋಗುತ್ತಿದ್ದರು. ನನ್ನ ಬೆರಳ ತುದಿ ಆಗಲೇ ಜೋಮು ಹಿಡಿದಿದ್ದವು. ನಾಲ್ಕನೇ ಶುಕ್ರವಾರ ನಾನೂ ಒಂದು ಹಿಡಿ ಕಾಳು ತೆಗೆದುಕೊಂಡೆ. ಒಂದೂ ಸರಿಯಾಗಿ ಬರಲಿಲ್ಲ. ಅವರು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಜಜ್ಜಿಹೋದ ಬೇಳೆಯನ್ನೂ ಪಾತ್ರೆಗೇ ಹಾಕಿಕೊಂಡರು.

ಬೈಬಲ್ಲಿನ ಯೋಬನ ಪುಸ್ತಕ, ಎಲ್ಲಾ ಕಳೆದುಕೊಂಡು ಕಾಯಿಲೆ ಬಿದ್ದವನ ಕಥೆ, ಮತ್ತೆ ಓದಿದ್ದು ಆ ದಿನಗಳಲ್ಲಿ. ಔಷಧಿಯಿಂದ ಕಣ್ಣು ಮಂಜಾಗುತ್ತಿತ್ತು. ಯಜಮಾನರು ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಿಂದ ದೊಡ್ಡ ಅಕ್ಷರದ ಸತ್ಯವೇದ ತಂದುಕೊಟ್ಟರು. ಯೋಬನ ಗೆಳೆಯರನ್ನು ಎಲ್ಲರೂ ಬೈಯುತ್ತೇವೆ. ಆದರೆ ಅವರು ಮೊದಲು ಮಾಡಿದ್ದು ಸರಿಯಾಗೇ ಇತ್ತು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ, ಯಾಕಂದರೆ ಅವನ ಸಂಕಟ ಅಷ್ಟು ದೊಡ್ಡದು ಅಂತ ಅವರಿಗೆ ಕಂಡಿತ್ತು. ಕಾರಣ ಹೇಳಲು ಬಾಯಿ ತೆರೆದ ಮೇಲೆ ಕೆಟ್ಟಿತು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ. ದೇವರ ಪರವಾಗಿ ವಾದ ಮಾಡಿದ ಗೆಳೆಯರ ಮೇಲೆ. ನನ್ನ ದಾಸನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಮೂವತ್ತೆಂಟು ಅಧ್ಯಾಯ ಬಂದರೂ ಯೋಬನಿಗೆ ಕಾರಣ ಸಿಗುವುದಿಲ್ಲ. ಸಿಗುವುದು ದೇವರೇ ಎದುರು ಬಂದು ಮಾತಾಡಿದ್ದು. ನನಗೆ ಇದು ಮೊದಲು ಸಮಾಧಾನದ ಮಾತಾಗಿ ಕಾಣಲಿಲ್ಲ, ಅನ್ಯಾಯ ಅನಿಸಿತು. ಅನಿಸಿದ್ದನ್ನು ಅವನಿಗೇ ಹೇಳಬಹುದು ಅಂತ ಗೊತ್ತಾದದ್ದು ಆ ಪುಸ್ತಕದಿಂದಲೇ.

ಕೀಮೋ ಡೇ ಕೇರಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಪ್ರತಿ ಗುರುವಾರ ಒಬ್ಬರು ಬರುತ್ತಿದ್ದರು. ಸರ್ಕಾರಿ ಶಾಲೆಯ ಟೀಚರ್, ನನಗಿಂತ ನಾಲ್ಕು ವರ್ಷ ಚಿಕ್ಕವರು. ಅವರೂ ನಮ್ಮವರೇ, ಅಂದರೆ ಕ್ರೈಸ್ತರು, ಬೇರೆ ಸಭೆಯವರು. ನನ್ನನ್ನು ಅಕ್ಕ ಅನ್ನುತ್ತಿದ್ದರು. ಡಿಸೆಂಬರ್ 26ರಂದು, ಕ್ರಿಸ್ಮಸ್ ಮರುದಿನ, ಡಬ್ಬಿಯಲ್ಲಿ ಕಜ್ಜಾಯ ತಂದಿದ್ದರು. ಇಬ್ಬರಿಗೂ ರುಚಿ ತಿಳಿಯುತ್ತಿರಲಿಲ್ಲ. ಆದರೂ ಒಂದೊಂದು ತಿಂದೆವು. ಇಬ್ಬರೂ ಒಂದೇ ಪ್ರಾರ್ಥನೆ ಮಾಡಿದೆವು, ಒಂದೇ ಔಷಧಿ ತೆಗೆದುಕೊಂಡೆವು. ನನ್ನ ಗೆಡ್ಡೆ ಕರಗುತ್ತಾ ಬಂತು. ಅವರದು ಲಿವರಿಗೆ ಹೋಯಿತು.

ನನ್ನ ಆಪರೇಷನ್ ಮಾರ್ಚ್ 20ಕ್ಕೆ ಆಯಿತು. ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಕಂಕುಳಿನಿಂದ ಒಂದು ಪೈಪು, ಅದರ ತುದಿಗೆ ನೀರು ತುಂಬುವ ಡಬ್ಬಿ ಹತ್ತು ದಿನ ಇರುತ್ತದೆ. ಅತ್ತೆ ಹಳೆ ಸೀರೆಯ ಅಂಚಿನಿಂದ ಹೆಗಲಿಗೆ ಹಾಕಿಕೊಳ್ಳುವ ಚೀಲ ಹೊಲಿದುಕೊಟ್ಟರು. ಮುಂದೆ ಬಟನ್ ಇರುವ ರವಿಕೆ, ನೈಟಿ ಮೊದಲೇ ಹೊಂದಿಸಿಕೊಳ್ಳಿ. ಕೈ ಎತ್ತುವ ವ್ಯಾಯಾಮ ಬಿಡಬೇಡಿ, ರೇಡಿಯೇಷನ್ನಿಗೆ ಕೈ ತಲೆ ಮೇಲೆ ಎತ್ತಿ ಮಲಗಲೇಬೇಕು.

ಏಪ್ರಿಲ್ ಮೊದಲ ವಾರ ಪಕ್ಕದ ಕುರ್ಚಿಯ ಆ ಟೀಚರ್ ತಂಗಿಯನ್ನು ನೋಡಲು ಕರುಣಾಶ್ರಯಕ್ಕೆ ಹೋದೆ. ಮಾರತ್ತಹಳ್ಳಿ ಹತ್ತಿರ, ವರ್ತೂರು ರಸ್ತೆಯಲ್ಲಿದೆ. ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಇಂಥವರಿದ್ದರೆ ತಡ ಮಾಡದೆ ವಿಚಾರಿಸಿ. ಅಲ್ಲಿಗೆ ಸೇರಿಸುವುದು ಕೈಬಿಟ್ಟ ಹಾಗೆ ಅಂತ ನಾನೂ ಅಂದುಕೊಂಡಿದ್ದೆ. ಎರಡು ತಿಂಗಳಿಂದ ನಿದ್ದೆ ಇಲ್ಲದ ಆಕೆ ಅಲ್ಲಿ ನೋವಿನ ಔಷಧಿ ಸರಿಯಾಗಿ ಸಿಕ್ಕಿ ರಾತ್ರಿಯಿಡೀ ಮಲಗಿದ್ದರು. ಇಂಥ ಆರೈಕೆಗೆ ಈಗಿನ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್ ಅನ್ನುವ ಇಂಗ್ಲೆಂಡಿನ ವೈದ್ಯೆ, ಮೊದಲು ನರ್ಸ್ ಆಗಿದ್ದವರು, ಗಟ್ಟಿ ಕ್ರೈಸ್ತ ನಂಬಿಕೆಯವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದರು. ನೋವು ಅನ್ನೋದು ಮೈಯದು ಮಾತ್ರ ಅಲ್ಲ, ಮನಸ್ಸಿನದು, ಮನೆಯದು, ಆತ್ಮದ್ದು ಎಲ್ಲಾ ಸೇರಿದ್ದು ಅಂತ ಅವರು ಕಲಿಸಿದರು. ನೋವನ್ನು ಸಹಿಸಿಕೋ, ಅದು ನಿನ್ನ ಶಿಲುಬೆ ಅಂತ ಹೇಳಿ ಸುಮ್ಮನಾಗುವ ಬದಲು, ನಂಬಿಕೆಯೇ ಅವರನ್ನು ನೋವು ಕಡಿಮೆ ಮಾಡುವ ಕೆಲಸಕ್ಕೆ ಹಚ್ಚಿತು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ.

ಆಕೆ ನನ್ನ ಕೈ ಹಿಡಿದು ಕೇಳಿದರು, "ಅಕ್ಕ, ನಿಮ್ಗೆ ವಾಸಿ ಮಾಡಿದ ದೇವ್ರು ನಂಗ್ಯಾಕೆ ಮಾಡ್ಲಿಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. "ಗೊತ್ತಿಲ್ಲ ಕಣಮ್ಮ" ಅಂದೆ. ಏನಾದರೂ ಓದಿ ಅಂದರು. ಸಮಾಧಾನ ಹೇಳುವ ಇಪ್ಪತ್ತಮೂರನೇ ಕೀರ್ತನೆ ಓದಲು ಹೋದೆ, ಅದು ಬೇಡ ಅಂದರು. ಆಗ ಎಂಬತ್ತೆಂಟನೆಯದನ್ನು ಓದಿದೆ. ಅಳುವ ಕೀರ್ತನೆಗಳು ಬಹಳ ಇವೆ, ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಗೆಳೆಯರೆಲ್ಲ ದೂರವಾದರು, ಇನ್ನು ಕತ್ತಲೆಯೇ ಅನ್ನುವಲ್ಲಿ ನಿಂತುಬಿಡುತ್ತದೆ. ಮುಗಿದ ಮೇಲೆ ಆಕೆ ಸ್ವಲ್ಪ ಹೊತ್ತು ಬಿಟ್ಟು, "ಇದೂ ಬೈಬಲ್ಲಲ್ಲೇ ಇದ್ಯಾ? ಇನ್ನೊಂದ್ಸಲ ಓದಿ" ಅಂದರು. ಇನ್ನೊಂದು ಸಲ ಓದಿದೆ.

ಏಪ್ರಿಲ್ 18 ಶುಭ ಶುಕ್ರವಾರ. ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಪ್ರತಿ ವರ್ಷ ಕೂರುತ್ತೇನೆ. ಈ ಸಲ ಎಡಗೈಯಲ್ಲಿ ಕೀರ್ತನೆ ಪುಸ್ತಕ ಎತ್ತಲಾಗಲಿಲ್ಲ, ಮಗಳು ಹಿಡಿದಿದ್ದಳು. ನಾಲ್ಕನೇ ಮಾತು ಬಂತು. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ಇದು ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲು. ಅಷ್ಟು ಸಂಕಟದಲ್ಲಿ ಅವನ ಬಾಯಿಗೂ ಬಂದದ್ದು ತನ್ನ ಜನ ತಲೆಮಾರುಗಳಿಂದ ಅಳುತ್ತಾ ಹೇಳಿಕೊಂಡು ಬಂದ ಮಾತು. ಅವನಿಗೂ ಆ ಗಳಿಗೆಯಲ್ಲಿ ಮೇಲಿನಿಂದ ಉತ್ತರ ಬರಲಿಲ್ಲ. ನನಗೆ ಮೈ ನಡುಗಿತು. ಪಕ್ಕದ ಕುರ್ಚಿಯ ತಂಗಿ ನನ್ನನ್ನು ಕೇಳಿದ ಪ್ರಶ್ನೆಯನ್ನು ದೇವಕುಮಾರನೇ ಕೇಳಿದ್ದಾನೆ. ಹಾಗಿದ್ದ ಮೇಲೆ ಆ ಪ್ರಶ್ನೆ ಅಪನಂಬಿಕೆ ಹೇಗಾಗುತ್ತದೆ? ಸತ್ತುಹೋದ ಗೆಳೆಯ ಲಾಜರನ ಸಮಾಧಿ ಹತ್ತಿರವೂ ಹಾಗೇ. ಇನ್ನೊಂದು ಗಳಿಗೆಗೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಕಣ್ಣೀರು ಬಿಟ್ಟ. ಎಲ್ಲಾ ಸರಿಹೋಗುತ್ತೆ, ಅಳಬೇಡಿ ಅಂತ ಲಾಜರನ ಸೋದರಿ ಮರಿಯಳಿಗೆ ಹೇಳಲಿಲ್ಲ.

ಈಸ್ಟರ್ ಆದ ಮುಂದಿನ ಭಾನುವಾರ, ಯೇಸುವಿನ ಗಾಯ ನೋಡದೆ ನಂಬಲ್ಲ ಅಂದ ಶಿಷ್ಯ ತೋಮನ ಪಾಠ ಓದಿದರು. ಅಷ್ಟರಲ್ಲಿ ರೇಡಿಯೇಷನ್ನಿಗೆ ಗುರುತು ಹಾಕಿದ್ದರು. ಎದೆ ಮೇಲೆ ನೀಲಿ ಶಾಯಿಯ ಗೆರೆಗಳು, ಪಕ್ಕದಲ್ಲಿ ಹೊಲಿಗೆಯ ಗಾಯ. ಪಾಠ ಕೇಳುತ್ತಾ ಸೆರಗಿನ ಮೇಲಿಂದ ಆ ಜಾಗದ ಮೇಲೆ ಕೈ ಇಟ್ಟುಕೊಂಡೆ. ಮರಣವನ್ನೇ ಗೆದ್ದು ಎದ್ದವನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ತೋಮನಿಗೆ ಅದನ್ನೇ ತೋರಿಸಿದ. ಕನ್ನಡಿ ನೋಡುವುದನ್ನು ಬಿಟ್ಟು ಒಂದು ತಿಂಗಳಾಗಿತ್ತು. ಅವತ್ತು ಮನೆಗೆ ಹೋಗಿ ನೋಡಿಕೊಂಡೆ.

ರೇಡಿಯೇಷನ್ ಏಪ್ರಿಲ್ 28ರಿಂದ, ಸೋಮವಾರದಿಂದ ಶುಕ್ರವಾರ, ಮೇ 1ರ ರಜೆ ಬಿಟ್ಟು. ಮೆಷೀನಿನ ಕೆಳಗೆ ಇರುವುದು ಹತ್ತು ಹದಿನೈದು ನಿಮಿಷ, ಕಾಯುವುದು ಎರಡು ಗಂಟೆ. ಗುರುತು ಅಳಿಸಬಾರದು, ಆ ಜಾಗಕ್ಕೆ ಸೋಪು, ಪೌಡರ್ ಬೇಡ, ಸಡಿಲವಾದ ಹತ್ತಿ ಬಟ್ಟೆ ಹಾಕಿ. ಎಡಗಡೆಯದಾದರೆ ಹೃದಯಕ್ಕೆ ಕಿರಣ ತಾಗದಿರಲಿ ಅಂತ ಉಸಿರು ಎಳೆದು ಹಿಡಿಯಲು ಹೇಳಬಹುದು. ಉಸಿರು ತುಂಬಿದಾಗ ಹೃದಯ ಎದೆಗೂಡಿನಿಂದ ಸ್ವಲ್ಪ ದೂರ ಸರಿಯುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ. ಸ್ಪೀಕರಿನಿಂದ ದನಿ ಬರುತ್ತದೆ: ಉಸಿರು ತಗೊಳ್ಳಿ, ಹಿಡ್ಕೊಳ್ಳಿ. ಇಪ್ಪತ್ತು ಸೆಕೆಂಡ್. ಆಮೇಲೆ, ಬಿಡಿ.

ಆ ಇಪ್ಪತ್ತು ಸೆಕೆಂಡಿಗೆ ಲೆಕ್ಕ ಇಡಲು ಮನಸ್ಸಿನಲ್ಲಿ ಒಂದು ವಾಕ್ಯ ಹೇಳಿಕೊಳ್ಳುತ್ತಿದ್ದೆ. ನನ್ನ ಕೃಪೆಯೇ ನಿನಗೆ ಸಾಕು. ಆರು ಸಲ ಹೇಳಿದರೆ "ಬಿಡಿ" ಅನ್ನುವ ದನಿ ಬರುತ್ತಿತ್ತು. ಪೌಲನು ತನ್ನ ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡಾಗ ಅವನಿಗೆ ಸಿಕ್ಕಿದ ಉತ್ತರ ಇದು. ಮುಳ್ಳು ತೆಗೆದದ್ದಾಗಿ ಅಲ್ಲಿ ಬರೆದಿಲ್ಲ.

ಎರಡನೇ ವಾರ, ಕಾಯುವ ಕೋಣೆಯಲ್ಲಿದ್ದಾಗ ಫೋನ್ ಬಂತು. ಟೀಚರ್ ತಂಗಿ ಬೆಳಗಿನ ಜಾವ ತೀರಿಹೋಗಿದ್ದರು. ಅಷ್ಟರಲ್ಲಿ ನನ್ನ ನಂಬರ್ ಕರೆದರು. ಒಳಗೆ ಹೋಗಿ ಕೈ ಎತ್ತಿ ಮಲಗಿದೆ. ಉಸಿರು ಹಿಡ್ಕೊಳ್ಳಿ ಅಂದರು. ಆ ದಿನ ಕೃಪೆಯ ಮಾತು ಬರಲಿಲ್ಲ. ಯಾಕೆ ಕೈಬಿಟ್ಟೆ, ಯಾಕೆ ಕೈಬಿಟ್ಟೆ ಅಂತಲೇ ಹೇಳಿಕೊಂಡೆ. ಅಳುವಾಗ ಉಸಿರು ನಿಲ್ಲುವುದಿಲ್ಲ. ಎರಡು ಸಲ ಮೆಷೀನ್ ನಿಂತಿತು. ಟೆಕ್ನಿಷಿಯನ್ ಹುಡುಗಿ ಒಳಗೆ ಬಂದು ಕಣ್ಣು ಒರೆಸಿ, "ಆಂಟಿ, ಹತ್ತು ನಿಮಿಷ ಬಿಟ್ಟು ಮಾಡೋಣ" ಅಂದಳು. ಹೊರಗೆ ಸಾಲು ಕಾಯುತ್ತಿತ್ತು. ಆದರೂ ಹತ್ತು ನಿಮಿಷ ಅಲ್ಲೇ ನಿಂತಿದ್ದಳು.

ಈಗ ಹೇಳಿ, ನಾನು ಮುಂದೆ ನಿಂತು ದೇವರು ನನ್ನ ಪ್ರಾರ್ಥನೆ ಕೇಳಿ ವಾಸಿ ಮಾಡಿದ ಅಂತ ಮಾತ್ರ ಹೇಳಿದರೆ, ಆ ತಂಗಿಯ ಪ್ರಾರ್ಥನೆ ಕೇಳಲಿಲ್ಲ ಅಂತ ಹೇಳಿದ ಹಾಗಲ್ವಾ? ನಾನು ವಾಸಿಯಾಗಿದ್ದಕ್ಕೆ ಪ್ರತಿದಿನ ಸ್ತೋತ್ರ ಮಾಡುತ್ತೇನೆ. ಆದರೆ ಈ ಕಷ್ಟ ಯಾಕೆ ಬಂತು, ಅದರಿಂದ ಏನು ಒಳ್ಳೆಯದಾಯಿತು ಅಂತ ಲೆಕ್ಕ ತೋರಿಸಲು ನನ್ನಿಂದ ಆಗದು. ಆಕೆಯ ಸಾವು ನನಗೆ ಪಾಠ ಕಲಿಸಲು ಆಯಿತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಎಲ್ಲೆಲ್ಲಿ ನಾನು ಪೂರ್ತಿ ಕುಸಿದೆನೋ ಅಲ್ಲೆಲ್ಲ ಯಾರೋ ಒಬ್ಬರು ನೆಲದ ಮೇಲೆ ಕೂತಿದ್ದರು, ಆಟೋ ನಿಧಾನ ಮಾಡಿದರು, ಹತ್ತು ನಿಮಿಷ ನಿಂತರು. ಶಿಲುಬೆಯ ಮೇಲೆ ಯಾಕೆ ಅಂತ ಕೂಗಿದವನು ಅವರ ಜೊತೆ ಅಲ್ಲಿದ್ದ ಅಂತ ನಾನು ನಂಬುತ್ತೇನೆ. ಅಯ್ಯನವರಿಗೆ ಹೀಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಹೊತ್ತಾದ್ರೂ ಆಗ್ಲಿ, ಇದನ್ನೇ ಹೇಳಿ" ಅಂದರು. ಇನ್ನೂ ಧೈರ್ಯ ಬಂದಿಲ್ಲ.

ಖರ್ಚು ಕೇಳುವವರಿಗೆ: ಎಲ್ಲಾ ಸೇರಿ ಸುಮಾರು 7 ಲಕ್ಷ 90 ಸಾವಿರ. ಕೀಮೋ ಮತ್ತು ಆಪರೇಷನ್ನಿಗೆ ವಿಮೆಯ 5 ಲಕ್ಷ ಮುಗಿದಿತ್ತು. ಪಾಲಿಸಿ ಏಪ್ರಿಲ್ 1ಕ್ಕೆ ನವೀಕರಣ ಆದದ್ದರಿಂದ ರೇಡಿಯೇಷನ್ ಹೊಸ ವರ್ಷದ ಲೆಕ್ಕಕ್ಕೆ ಬಂತು. ನಿಮ್ಮ ಪಾಲಿಸಿಯ ವರ್ಷ ಯಾವಾಗ ತಿರುಗುತ್ತೆ ಅಂತ ನೋಡಿಕೊಳ್ಳಿ, ಆದರೆ ಅದಕ್ಕಾಗಿ ಚಿಕಿತ್ಸೆ ಮುಂದೂಡಬೇಡಿ. ಕೈಯಿಂದ ಹೋದದ್ದು 1 ಲಕ್ಷ 70 ಸಾವಿರ. ಎರಡು ಬಳೆ ಬ್ಯಾಂಕಿನಲ್ಲಿವೆ. ಮುಂದೆ ಐದು ವರ್ಷ ದಿನಕ್ಕೊಂದು ಮಾತ್ರೆ, ಮೂರು ತಿಂಗಳಿಗೊಮ್ಮೆ ತಪಾಸಣೆ.

ರೇಡಿಯೇಷನ್ ಕೊನೆಯ ದಿನ ಡೇ ಕೇರಿನ ಹೊರಗೆ ಕೋಲಾರದ ಕಡೆಯ ಒಬ್ಬ ಹೆಂಗಸು ಚೀಟಿ ಹಿಡಿದು ನಿಂತಿದ್ದರು. ಮೊದಲ ಕೀಮೋಗೆ ಬಂದವರು. ಜೊತೆಗೆ ಮಗ, ಇನ್ನೂ ಮೀಸೆ ಮೂಡದ ಹುಡುಗ. ಯಾವ ಕೌಂಟರ್ ಅಂತ ಕೇಳಿದರು. ತೋರಿಸಿದೆ. ಆಮೇಲೆ ಅವರ ಚೀಟಿಯನ್ನು ಸಾಲು ಸಾಲಾಗಿ ಓದಿದೆ, ತಿಂಗಳು ತಿಂಗಳೇ ಇತ್ತು. "ಕೂದ್ಲು ಹೋಗ್ತದಂತಲ್ಲಮ್ಮ, ನಾನೇನ್ ತಪ್ಪ್ ಮಾಡಿದ್ನೋ" ಅಂದರು. ನನ್ನ ತಲೆಯ ಬಟ್ಟೆ ಬಿಚ್ಚಿ, ಆಗ ತಾನೇ ಬರುತ್ತಿದ್ದ ಅರ್ಧ ಇಂಚು ಕೂದಲು ಮುಟ್ಟಿಸಿದೆ. ನೀವು ಯಾವ ತಪ್ಪೂ ಮಾಡಿಲ್ಲ ಅಂದೆ. ಡ್ರಿಪ್ ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದೆ, ಮೂರು ಗಂಟೆ.

ಅವರ ಎರಡನೇ ಕೀಮೋ ಜೂನ್ 9ಕ್ಕೆ. ಬೆಳಗ್ಗೆ ಏಳಕ್ಕೆ ಟೋಕನ್ ಕೊಡುತ್ತಾರೆ, ಕೋಲಾರದಿಂದ ಅಷ್ಟು ಹೊತ್ತಿಗೆ ಬರಲು ಆಗುವುದಿಲ್ಲ. ಆರೂವರೆಗೆ ನಾನು ಹೋಗಿ ಸಾಲಿನಲ್ಲಿ ನಿಂತಿರುತ್ತೇನೆ ಅಂತ ಆ ಹುಡುಗನಿಗೆ ಹೇಳಿದ್ದೇನೆ.